ಲಕ್ವ ಹೊಡೆದ ತಂದೆಯನ್ನು ಮಂಚದಿಂದ ವೀಲ್‌ಚೇರಿಗೆ ಒಬ್ಬರೇ ಕೂರಿಸುವುದು ಹೇಗೆ?

ತಂದೆಯವರಿಗೆ ಎಡಭಾಗ ಸ್ವಾಧೀನವಿಲ್ಲ, ತೂಕ 70 ಕೆ.ಜಿ., ಎತ್ತಲು ನಾನೊಬ್ಬನೇ ಎಂದಿದ್ದೀರಿ. ಎತ್ತಲೇಬೇಡಿ. ರೋಗಿಯನ್ನು ಎತ್ತುವಾಗ ಒಬ್ಬರ ಕೈ ಮೇಲೆ ಬೀಳುವ ಭಾರ ಸುಮಾರು 16 ಕೆ.ಜಿ. (35 ಪೌಂಡ್) ದಾಟಬಾರದು ಎಂಬುದು ಅಮೆರಿಕದಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಹಾಕಿಕೊಟ್ಟ ಮಿತಿ. ಉಳಿದದ್ದನ್ನು ಅವರ ಬಲಗಾಲೋ, ಜಾರುಹಲಗೆಯೋ (ಮಂಚದಿಂದ ಕುರ್ಚಿಗೆ ಸೇತುವೆಯಂತಿಟ್ಟು ಕೂತಂತೆಯೇ ಜಾರಿಸುವ ಹಲಗೆ), ಲಿಫ್ಟೋ (ಬಟ್ಟೆಯ ಜೋಲಿಯಲ್ಲಿ ರೋಗಿಯನ್ನು ಎತ್ತುವ ಯಂತ್ರ) ಹೊರಬೇಕು.

ಯಾವುದೆಂದು ತಿಳಿಯಲು ಮೂರು ವಿಷಯ ನೋಡಿ. ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಕೂರುತ್ತಾರೆಯೇ? ಹೇಳಿದ್ದನ್ನು ಹೇಳಿದಂತೆ ಮಾಡುತ್ತಾರೆಯೇ? ಬಲಗಾಲು ಊರಿ ಸೊಂಟ ಮೇಲೆತ್ತುತ್ತಾರೆಯೇ? ಮೂರೂ ಆದರೆ ನಿಲ್ಲಿಸಿ ತಿರುಗಿಸಿ ಕೂರಿಸಬಹುದು. ಕಾಲಿಗೆ ಮಾತ್ರ ಬಲವಿಲ್ಲದಿದ್ದರೆ ಜಾರುಹಲಗೆ. ಕೂರಲೇ ಆಗದವರಿಗೆ ಜೋಲಿಯ ಲಿಫ್ಟ್ ಬೇಕು, ಜೊತೆಗೆ ಇನ್ನೊಬ್ಬರು. ಜ್ವರ ಬಂದ ದಿನ ಅಥವಾ ನಿದ್ದೆ ಮಾತ್ರೆ ನುಂಗಿದ ಮೇಲೆ ಬೆಳಗಿನ ಉತ್ತರ ಸಂಜೆಗೆ ಸಲ್ಲದು, ಪ್ರತಿ ಸಲವೂ ನೋಡಬೇಕು.

ನಿಲ್ಲಿಸುವುದಾದರೆ, ಕುರ್ಚಿ ಅವರ ಬಲಗಡೆ, ಅಂದರೆ ಗಟ್ಟಿ ಭಾಗದ ಕಡೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇರಲಿ. ಎರಡೂ ಬ್ರೇಕ್ ಹಾಕಿ, ಫುಟ್‌ರೆಸ್ಟ್ ಪಕ್ಕಕ್ಕೆ ಸರಿಸಿ. ಕಾಲು ಸಿಕ್ಕಿಕೊಂಡು ಬೀಳುವುದು ಹೆಚ್ಚಾಗಿ ಅಲ್ಲೇ. ಯೂರಿನ್ ಬ್ಯಾಗ್ ಇದ್ದರೆ ಮೊದಲು ಅದನ್ನು ಕುರ್ಚಿಯ ಕಡೆಗೆ ದಾಟಿಸಿ. ಎದ್ದು ಕೂತ ಕೂಡಲೇ ಬಿಪಿ ಇಳಿದು ತಲೆ ಸುತ್ತಬಹುದು, ಒಂದೆರಡು ನಿಮಿಷ ಕಾಯಿರಿ. ಎಣ್ಣೆ ಹಚ್ಚಿದ ಮೈ, ಕಾಲಿಗೆ ಸುತ್ತಿಕೊಳ್ಳುವ ಲುಂಗಿ, ಟೈಲ್ಸ್ ಮೇಲೆ ಕಾಲುಚೀಲ ಇವು ಮೂರೂ ಬೇಡ. ಪಾದ ನೆಲಕ್ಕೆ ಪೂರ್ತಿ ತಾಗಿ, ಮಂಡಿಗಿಂತ ಹಿಂದಿರಲಿ.

ಅವರ ಸೊಂಟಕ್ಕೆ ಟ್ರಾನ್ಸ್‌ಫರ್ ಬೆಲ್ಟ್ (ರೋಗಿಯನ್ನು ಹಿಡಿಯಲೆಂದೇ ಇರುವ ಗಟ್ಟಿ ಪಟ್ಟಿ) ಕಟ್ಟಿ ಅದನ್ನೇ ಹಿಡಿಯಿರಿ. ಕಂಕುಳಿಗೆ ಕೈ ಹಾಕಿ ಎತ್ತುವುದು, ಎಡಗೈ ಹಿಡಿದು ಎಳೆಯುವುದು ನಮ್ಮ ಮನೆಗಳಲ್ಲಿ ಮಾಮೂಲು. ಸ್ನಾಯು ಸಡಿಲವಾದ ಭುಜದ ಕೀಲು ಹಾಗೆಳೆದಾಗ ಜರುಗುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ನಿಮ್ಮ ಕೊರಳಿಗೆ ಅವರು ಕೈ ಹಾಕಲೂ ಬಿಡಬೇಡಿ. ನಿಮ್ಮ ಮಂಡಿಗಳಿಂದ ಅವರ ಎಡಮಂಡಿಗೆ ತಡೆ ಕೊಡಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿಸಿ, ‘ಒಂದು, ಎರಡು, ಏಳಿ’ ಅನ್ನಿ. ಬಾಗದೆ ಎದ್ದರೆ ಹಿಂದಕ್ಕೇ ಬೀಳುತ್ತಾರೆ. ನಿಂತ ಮೇಲೆ ಪುಟ್ಟ ಹೆಜ್ಜೆಗಳಲ್ಲಿ ತಿರುಗಿ. ಕಾಲು ಊರಿಕೊಂಡೇ ನೀವು ಸೊಂಟ ತಿರುಚಿದರೆ ನಿಮ್ಮ ಬೆನ್ನು ಹೋಯಿತು. ಕುರ್ಚಿಯ ಅಂಚು ತೊಡೆಯ ಹಿಂಭಾಗಕ್ಕೆ ತಾಗಿ, ಬಲಗೈಗೆ ಕುರ್ಚಿಯ ಕೈ ಸಿಕ್ಕಿದ ಮೇಲೆ ನಿಧಾನಕ್ಕೆ ಕೂರಿಸಿ.

ವಾಪಸ್ ಮಂಚಕ್ಕೆ ಬರುವಾಗ ಬಹಳ ಜನ ಎಡವುತ್ತಾರೆ. ಕುರ್ಚಿ ಇದ್ದಲ್ಲೇ ಇದ್ದರೆ ಮಂಚ ಅವರ ಎಡಕ್ಕಿರುತ್ತದೆ. ಕುರ್ಚಿಯನ್ನು ತಿರುಗಿಸಿ ಮಂಚದ ಇನ್ನೊಂದು ತುದಿಗೆ ಒಯ್ಯಿರಿ, ಆಗ ಮಂಚ ಬಲಕ್ಕೆ ಬರುತ್ತದೆ.

ಹಲಗೆ ಕೊಳ್ಳುವ ಮೊದಲು ವೀಲ್‌ಚೇರಿನ ಕೈ ಬಿಚ್ಚಲು ಬರುತ್ತದೆಯೇ ನೋಡಿ. ಅಗ್ಗದ ಮಡಚುವ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮಂಚವೂ ಕುರ್ಚಿಯೂ ಒಂದೇ ಎತ್ತರಕ್ಕಿರಬೇಕು. ಬರಿಮೈಯಲ್ಲಿ ಜಾರಿಸಿದರೆ ಚರ್ಮ ಕಿತ್ತು ಹುಣ್ಣಾಗುತ್ತದೆ. ಲಿಫ್ಟ್ ಬಾಡಿಗೆಗೆ ತರುವುದಾದರೆ ಮಂಚದಡಿ ಇಣುಕಿ ನೋಡಿ: ಸಾಮಾನು ತುಂಬುವ ಪೆಟ್ಟಿಗೆ ಮಂಚವಾದರೆ ಲಿಫ್ಟಿನ ಕಾಲುಗಳು ಒಳಗೆ ಹೋಗುವುದಿಲ್ಲ.

ನಡುವೆ ಕುಸಿಯತೊಡಗಿದರೆ ಹಿಡಿದು ನಿಲ್ಲಿಸಲು ಹೋಗಬೇಡಿ. ಬೆಲ್ಟ್ ಹಿಡಿದು ನಿಮ್ಮ ಮೈಗೆ ಒರಗಿಸಿಕೊಂಡು, ತಲೆಗೆ ಪೆಟ್ಟಾಗದಂತೆ ನೆಲಕ್ಕೆ ಇಳಿಸಿ, ಆಮೇಲೆ ಪಕ್ಕದ ಮನೆಯವರನ್ನು ಕರೆಯಿರಿ.