ಸ್ಟ್ಯಾಂಡರ್ಡ್ ಬರೆಯುವ ತಂಡದ ವೆಬ್‌ಸೈಟಿಗೆ ಹೋಮ್‌ಪೇಜ್ ಕೊನೆಗೆ ಮಾಡಿ

ನಿಮ್ಮ ಪ್ರಶ್ನೆ ಇಷ್ಟು: ಕೃಷಿ ಸೆನ್ಸರ್‌ಗಳ ಡೇಟಾ ಯಾವ ರೂಪದಲ್ಲಿರಬೇಕು ಎಂದು ಸ್ಟ್ಯಾಂಡರ್ಡ್ ಬರೆಯಲು ಒಂದು ಸಣ್ಣ ವರ್ಕಿಂಗ್ ಗ್ರೂಪ್ ಆಗಿದೆ, ಅದರ ವೆಬ್‌ಸೈಟಿನ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ. ಹೋಮ್‌ಪೇಜಿನಲ್ಲಿ ಏನೇನಿರಬೇಕು, ಸೈಟು ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಸಾಕಾ?

ನಾನು ನೆಟ್‌ವರ್ಕ್ ಸಾಫ್ಟ್‌ವೇರ್ ಬರೆಯುವವನು. ಇಂಥ ತಂಡಗಳ ಸೈಟುಗಳನ್ನು ದಿನವೂ ತೆರೆಯುತ್ತೇನೆ, ಆದರೆ ಹೋಮ್‌ಪೇಜಿನಿಂದ ಒಳಗೆ ಹೋಗುವುದು ಅಪರೂಪ. ಹುಡುಕಾಟದಿಂದಲೋ, ಯಾರೋ ಕೋಡಿನಲ್ಲಿ ಬರೆದಿಟ್ಟ ಲಿಂಕ್‌ನಿಂದಲೋ ನೇರವಾಗಿ ಒಂದು ದಾಖಲೆಯ ನಡುವಿಗೆ ಬಂದು ಬೀಳುತ್ತೇನೆ. ಆಗ ನನಗೆ ಬೇಕಾಗಿರುವುದು ತಂಡದ ಧ್ಯೇಯೋದ್ದೇಶವೂ ಅಲ್ಲ, ಅಧ್ಯಕ್ಷರ ಫೋಟೋವೂ ಅಲ್ಲ. ಈ ದಾಖಲೆ ಈಗಲೂ ಚಾಲ್ತಿಯಲ್ಲಿದೆಯೋ ಇಲ್ಲವೋ, ಇಲ್ಲದಿದ್ದರೆ ಇದರ ಜಾಗಕ್ಕೆ ಬಂದದ್ದು ಯಾವುದು, ಇಷ್ಟೇ. ಹಾಗಾಗಿ ಯೋಜನೆಯನ್ನು ದಾಖಲೆಗಳ ನಂಬರ್ ಮತ್ತು ವಿಳಾಸದಿಂದ ಶುರುಮಾಡಿ.

ಬ್ರೌಸರು ಮತ್ತು ಸರ್ವರು ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯನ್ನೇ ತೆಗೆದುಕೊಳ್ಳಿ. ಇದನ್ನು ಬರೆಯುವುದು ಇಂಟರ್ನೆಟ್ ಸ್ಟ್ಯಾಂಡರ್ಡ್‌ಗಳ ಸಂಸ್ಥೆ ಐಇಟಿಎಫ್; ಅಲ್ಲಿ ನಂಬರ್ ಹಾಕಿ ಪ್ರಕಟಿಸುವ ದಾಖಲೆಗೆ ಆರ್‌ಎಫ್‌ಸಿ ಎನ್ನುತ್ತಾರೆ. ಅದರ 1.1 ಆವೃತ್ತಿಯನ್ನು ವಿವರಿಸುವ ಆರ್‌ಎಫ್‌ಸಿ 2616 ಬಂದದ್ದು 1999ರಲ್ಲಿ. 2014ರಲ್ಲಿ ಅದರ ಜಾಗಕ್ಕೆ 7230ರಿಂದ 7235ರವರೆಗಿನ ಆರು ದಾಖಲೆಗಳು ಬಂದವು. 2022ರಲ್ಲಿ ಅವನ್ನೂ ಬದಿಗೆ ಸರಿಸಿ 9110, 9111, 9112 ಬಂದವು. ಆದರೂ 2616 ಎಂದೇ ಬರೆದಿರುವ ಕೋಡು ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಐಇಟಿಎಫ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿಯ ವಿಷಯವನ್ನು ಆಮೇಲೆ ತಿದ್ದುವುದಿಲ್ಲ, ಅಳಿಸುವುದಂತೂ ಇಲ್ಲ. ಹಳೆಯದು ಹಳೆಯ ವಿಳಾಸದಲ್ಲೇ ಇರುತ್ತದೆ. ಅದರ ವೆಬ್ ಪುಟದ ನೆತ್ತಿಯ ಮೇಲೆ ಮಾತ್ರ, ಇದನ್ನು ರದ್ದುಮಾಡಿದ ದಾಖಲೆಗಳು ಇವು ಎಂದು ನಂಬರುಗಳ ಸಾಲು ಕಾಣುತ್ತದೆ. ಅದನ್ನು ಒತ್ತುತ್ತಾ ಹೋದರೆ ಇವತ್ತಿನದಕ್ಕೆ ತಲುಪುತ್ತೀರಿ. ಪಹಣಿಯಲ್ಲಿ ಮ್ಯುಟೇಶನ್ ನಂಬರ್ ಹಿಡಿದು ಜಮೀನು ಯಾರಿಂದ ಯಾರಿಗೆ ಬಂತು ಎಂದು ನೋಡುತ್ತೇವಲ್ಲ, ಹಾಗೆ.

ವೆಬ್‌ನ ಸ್ಟ್ಯಾಂಡರ್ಡ್‌ಗಳನ್ನು ಬರೆಯುವ ಸಂಸ್ಥೆ ಡಬ್ಲ್ಯು3ಸಿಯವರ ಕ್ರಮ ಸ್ವಲ್ಪ ಬೇರೆ, ನಿಮ್ಮಂಥ ಸಣ್ಣ ತಂಡಕ್ಕೆ ಅದೇ ಹೆಚ್ಚು ಹೊಂದುತ್ತದೆ. ಅವರ ಪ್ರತಿ ದಾಖಲೆಯ ತಲೆಬರಹದ ಕೆಳಗೆ ಎರಡು ವಿಳಾಸಗಳಿರುತ್ತವೆ. ಒಂದರಲ್ಲಿ ತಾರೀಖು ಸೇರಿರುತ್ತದೆ, ಅದು ಆ ದಿನದ ಪ್ರತಿಗೇ ಮೀಸಲು. ಇನ್ನೊಂದರಲ್ಲಿ ತಾರೀಖಿಲ್ಲ, ಅದು ಯಾವಾಗಲೂ ಹೊಸ ಪ್ರತಿಗೆ ಕರೆದೊಯ್ಯುತ್ತದೆ. ನಿಮ್ಮ ಸ್ಟ್ಯಾಂಡರ್ಡ್ ಪ್ರಕಾರ ಸಾಧನ ಮಾಡುವ ಕಂಪನಿ ಒಪ್ಪಂದದಲ್ಲಿ ಮೊದಲನೆಯದನ್ನು ಬರೆಯಬೇಕು. ಕಲಿಯಲು ಬಂದ ವಿದ್ಯಾರ್ಥಿಗೆ ಎರಡನೆಯದು ಸಾಕು. ಎರಡೂ ಇಲ್ಲದೆ ಒಂದೇ ಪಿಡಿಎಫ್ ಮೇಲೆ ಮತ್ತೆ ಮತ್ತೆ ಹೊಸದನ್ನು ಅಪ್‌ಲೋಡ್ ಮಾಡುವ ತಂಡಗಳಿವೆ. ಅಂಥ ಕಡೆ, ನಾನು ಓದಿದ್ದು ಇದೇನಾ ಎಂದು ಆರು ತಿಂಗಳ ನಂತರ ಯಾರೂ ಆಣೆ ಮಾಡಿ ಹೇಳಲಾರರು.

ವಿಳಾಸದೊಳಗೆ ಏನಿರಬಾರದು ಎಂಬುದನ್ನು ವೆಬ್ ಅನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಹೇಳಿಬಿಟ್ಟಿದ್ದಾರೆ: ಬರೆದವರ ಹೆಸರು, ಕರಡೋ ಅಂತಿಮವೋ ಎಂಬ ಸ್ಥಿತಿ, ಫೈಲಿನ ಬಾಲ (.html ಥರದ್ದು), ಹಿಂದೆ ಓಡುತ್ತಿರುವ ಸಾಫ್ಟ್‌ವೇರಿನ ಕುರುಹು. ಇವೆಲ್ಲ ಬದಲಾಗುವಂಥವು, ಬದಲಾದಾಗ ಲಿಂಕ್ ಮುರಿಯುತ್ತದೆ. ನಿಮ್ಮ ವರ್ಡ್‌ಪ್ರೆಸ್ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಉಪಕರಣ ಯಾವುದಾದರೂ ಇರಲಿ, ವಿಳಾಸ ಮಾತ್ರ ನೀವು ಹೇಳಿದಂತೆ ಇರಬೇಕು.

ಮುಂದಿನದು ಕರಡಿನ ಸ್ಥಿತಿ. ಐಇಟಿಎಫ್ ಕರಡಿನ ಹೆಸರಲ್ಲೇ ತಂಡದ ಹೆಸರು, ಕೊನೆಗೆ 00ರಿಂದ ಶುರುವಾಗುವ ಆವೃತ್ತಿ ಸಂಖ್ಯೆ ಇರುತ್ತದೆ. ಆರು ತಿಂಗಳಾದರೆ ಅದರ ಅವಧಿ ಮುಗಿಯುತ್ತದೆ; ಮುಗಿಯುವ ತಾರೀಖು ಮೊದಲ ಪುಟದಲ್ಲೇ ಅಚ್ಚಾಗಿರುತ್ತದೆ. ಇದನ್ನು ನಡೆಯುತ್ತಿರುವ ಕೆಲಸ ಎಂದಲ್ಲದೆ ಬೇರೆ ರೀತಿ ಉಲ್ಲೇಖಿಸಬೇಡಿ ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತದೆ. ಈ ಪದ್ಧತಿಯನ್ನು ಸಂಕೋಚವಿಲ್ಲದೆ ನಕಲು ಮಾಡಿ. ಪುಟದ ಮೇಲೆ ಒಂದು ಬಣ್ಣದ ಪಟ್ಟಿ ಇರಲಿ: ಕರಡು, ಪರಿಶೀಲನೆಯಲ್ಲಿದೆ, ಪ್ರಕಟಿತ, ರದ್ದು. ಪರಿಶೀಲನೆಯಲ್ಲಿದ್ದರೆ ಅಭಿಪ್ರಾಯ ಕಳಿಸಲು ಕೊನೆಯ ದಿನ ಯಾವುದು, ಎಲ್ಲಿಗೆ ಕಳಿಸಬೇಕು ಎಂಬುದು ಆ ಪಟ್ಟಿಯಲ್ಲೇ ಕಾಣಲಿ. ಹೊರಗಿನವರು ತಂಡಕ್ಕೆ ನಿಜವಾಗಿ ನೆರವಾಗುವ ಜಾಗ ಅದೊಂದೇ. ಮೆನುವಿನೊಳಗಿನ ಮೆನುವಿನಲ್ಲಿ ಅದನ್ನು ಬಚ್ಚಿಟ್ಟರೆ ಒಬ್ಬರೂ ಬರೆಯುವುದಿಲ್ಲ.

ತಪ್ಪುಗಳ ಪಟ್ಟಿಗೆ ಮೊದಲ ದಿನದಿಂದಲೇ ಜಾಗ ಇಡಿ. ನಮ್ಮ ಕನ್ನಡದ್ದೇ ಉದಾಹರಣೆ ಇದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ, ಹೆಸರು ಕೊಡುವ ಸ್ಟ್ಯಾಂಡರ್ಡ್ ಆದ ಯೂನಿಕೋಡ್‌ನಲ್ಲಿ ಹಳಗನ್ನಡದ ೞ ಅಕ್ಷರಕ್ಕೆ ಕೊಟ್ಟ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ'. ಶುದ್ಧ ತಪ್ಪು, ಅದಕ್ಕೂ ಫಕಾರಕ್ಕೂ ಸಂಬಂಧವೇ ಇಲ್ಲ. ಆದರೆ ಅಕ್ಷರದ ಹೆಸರನ್ನು ಒಮ್ಮೆ ಪ್ರಕಟಿಸಿದ ಮೇಲೆ ಬದಲಿಸುವುದಿಲ್ಲ ಎಂಬುದು ಅವರ ನಿಯಮ, ಏಕೆಂದರೆ ಆ ಹೆಸರನ್ನು ನಂಬಿಕೊಂಡ ಪ್ರೋಗ್ರಾಂಗಳಿರುತ್ತವೆ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿಯಿತು. ಸರಿಯಾದ ಹೆಸರನ್ನು ತಿದ್ದುಪಡಿ ಎಂದು ಗುರುತು ಹಾಕಿ, ಪರ್ಯಾಯ ಹೆಸರುಗಳ ಫೈಲಿನಲ್ಲಿ ಸೇರಿಸಿದರು. ನೋಡಲು ಮುಜುಗರವೇ. ಆದರೆ ಯಾರ ಕೋಡೂ ಮುರಿಯಲಿಲ್ಲ, ತಪ್ಪು ಎಂಬುದೂ ಎಲ್ಲರಿಗೂ ಗೊತ್ತಾಯಿತು. ನಿಮ್ಮ ಸ್ಟ್ಯಾಂಡರ್ಡ್‌ನಲ್ಲೂ ಮಣ್ಣಿನ ತೇವಾಂಶ ಅಳೆಯುವ ಮಾನ (ಯೂನಿಟ್) ತಪ್ಪಾಗಿ ಅಚ್ಚಾಗಬಹುದು. ಸದ್ದಿಲ್ಲದೆ ಫೈಲು ಬದಲಿಸುವ ಆಸೆಯಾಗುತ್ತದೆ. ಬೇಡ. ತಪ್ಪು ಯಾವ ವಿಭಾಗದಲ್ಲಿದೆ, ಸರಿ ಯಾವುದು, ತಂಡ ಒಪ್ಪಿದ ದಿನ ಯಾವುದು, ಈ ಮೂರನ್ನು ಬರೆದು ದಾಖಲೆಯ ಪುಟಕ್ಕೇ ಅಂಟಿಸಿ.

ಸಭೆಯ ಟಿಪ್ಪಣಿಗಳನ್ನು ಎಲ್ಲರೂ ಹಾಕುತ್ತಾರೆ, ಯಾರೂ ಓದುವುದಿಲ್ಲ. ಡಬ್ಲ್ಯು3ಸಿ ತಂಡಗಳ ಟಿಪ್ಪಣಿಯಲ್ಲಿ ತೀರ್ಮಾನದ ಸಾಲು ಎದ್ದು ಕಾಣುವಂತೆ ಬೇರೆಯಾಗಿರುತ್ತದೆ. ನೀವು ಅಂಥ ಸಾಲುಗಳನ್ನಷ್ಟೇ ಎತ್ತಿ ಒಂದು ಪುಟದಲ್ಲಿ ಪೋಣಿಸಿ: ತಾರೀಖು, ತೀರ್ಮಾನ, ಕಾರಣ ಒಂದೇ ವಾಕ್ಯದಲ್ಲಿ, ಪೂರ್ತಿ ಟಿಪ್ಪಣಿಗೆ ಲಿಂಕ್. ಕಾರಣವನ್ನು ಬಿಡಬೇಡಿ. ಹೊಸಬರು ಬಂದು ಸಮಯವನ್ನು ಜಾಗತಿಕ ಸಮಯವಾದ ಯುಟಿಸಿಯಲ್ಲೇ ಏಕೆ ಬರೆಯಬೇಕು, ಭಾರತದ ಸಮಯ ಐಎಸ್‌ಟಿ ಆದರೇನು ಎಂದು ಕೇಳಿಯೇ ಕೇಳುತ್ತಾರೆ. ಆ ಪುಟದ ಲಿಂಕ್ ಕೊಟ್ಟರೆ ಅರ್ಧ ಸಭೆಯ ಸಮಯ ಉಳಿತಾಯವಾಗುತ್ತದೆ.

ಚಾರ್ಟರ್ (ತಂಡದ ಕೆಲಸ ಏನು, ಎಲ್ಲಿಯವರೆಗೆ ಎಂದು ಹೇಳುವ ದಾಖಲೆ), ಸೇರುವ ಬಗೆ, ಪೇಟೆಂಟ್ ನಿಯಮ ಇವಕ್ಕೆ ಒಂದೊಂದು ಪುಟ ಸಾಕು. ಪೇಟೆಂಟ್ ಪುಟವನ್ನು ಮಾತ್ರ ಮುಂದೂಡಬೇಡಿ. ಕಂಪನಿಗಳ ವಕೀಲರು ಮೊದಲು ಕೇಳುವುದು ಅದನ್ನೇ. ಮಾದರಿ ಡೇಟಾ ಫೈಲುಗಳು ಮತ್ತು ಪರೀಕ್ಷೆಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವಂತೆ ಇಡಿ. ಸರಿಯಾದ ಫೈಲುಗಳ ಜೊತೆ ಬೇಕೆಂದೇ ಕೆಡಿಸಿದ ಫೈಲುಗಳೂ ಇರಲಿ. ಸ್ಟ್ಯಾಂಡರ್ಡ್‌ನ ನಲವತ್ತು ಪುಟ ಓದಲು ಬೇಸರಪಡುವ ಎಂಜಿನಿಯರ್ ಕೂಡ ಮಾದರಿ ಫೈಲನ್ನು ತೆರೆದು ನೋಡುತ್ತಾನೆ.

ಸೆನ್ಸರ್ ಅಳವಡಿಸುವವರಿಗಾಗಿ ಕನ್ನಡದಲ್ಲೂ ಹಾಕುವುದಾದರೆ ಸಂತೋಷ. ಆದರೆ ಯಾವ ಆವೃತ್ತಿಯ ಅನುವಾದ ಎಂದು ಮೊದಲ ಸಾಲಿನಲ್ಲೇ ಬರೆಯಿರಿ, ಅರ್ಥದಲ್ಲಿ ವ್ಯತ್ಯಾಸ ಬಂದರೆ ಯಾವ ಭಾಷೆಯ ಪಠ್ಯ ನಿಲ್ಲುತ್ತದೆ ಎಂಬುದನ್ನೂ ಹೇಳಿಬಿಡಿ. ಡಬ್ಲ್ಯು3ಸಿಯಲ್ಲಿ ಇಂಗ್ಲಿಷ್ ಪಠ್ಯವೇ ಅಧಿಕೃತ, ಅನುವಾದ ತಿಳಿವಳಿಕೆಗೆ ಮಾತ್ರ.

ಇನ್ನು ವರ್ಡ್‌ಪ್ರೆಸ್. ಸುದ್ದಿ ಹಾಕುವುದಕ್ಕೆ ಸರಿ. ದಾಖಲೆಗಳಿಗೆ ನಾನಾದರೆ ಸಾದಾ ಎಚ್‌ಟಿಎಮ್‌ಎಲ್ ಫೈಲುಗಳನ್ನೇ ಇಡುತ್ತೇನೆ: ಫೈಲಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಫ್ಟ್‌ವೇರ್ ಗಿಟ್‌ನಲ್ಲಿ ಬರೆದು, ಸ್ವಂತ ಡೊಮೇನಿನಲ್ಲಿ ಪ್ರಕಟಿಸುವುದು. ಪ್ಲಗಿನ್ ಅಪ್‌ಡೇಟಿನ ಕಾಟವಿಲ್ಲ, ಹೋಸ್ಟಿಂಗ್ ಬದಲಿಸಿದರೆ ಫೋಲ್ಡರನ್ನು ಎತ್ತಿಕೊಂಡು ಹೋದರಾಯಿತು. ಚರ್ಚೆ ಗಿಟ್ ಫೈಲುಗಳನ್ನು ಇಡುವ ಸೈಟಾದ ಗಿಟ್‌ಹಬ್‌ನಲ್ಲಿ ನಡೆದರೆ ಅದರ ಪ್ರತಿಯನ್ನು ಆಗಾಗ ನಿಮ್ಮಲ್ಲಿಗೆ ಇಳಿಸಿಕೊಳ್ಳಿ. ಡೊಮೇನನ್ನು ನಿಮ್ಮ ಹೆಸರಲ್ಲಿ ನೋಂದಾಯಿಸಬೇಡಿ. ತಂಡವನ್ನು ಕಟ್ಟಿದ ಸಂಸ್ಥೆಯ ಹೆಸರಲ್ಲಿರಲಿ, ನವೀಕರಣದ ನೋಟಿಸ್ ಕನಿಷ್ಠ ಇಬ್ಬರಿಗೆ ಹೋಗಲಿ. ಇಷ್ಟಾದ ಮೇಲೆ ಹೋಮ್‌ಪೇಜ್ ಒಂದು ಮಧ್ಯಾಹ್ನದ ಕೆಲಸ: ಚಾಲ್ತಿಯಲ್ಲಿರುವ ದಾಖಲೆಗಳ ಪಟ್ಟಿ, ಅಭಿಪ್ರಾಯಕ್ಕೆ ತೆರೆದಿರುವ ಕರಡು, ಮುಂದಿನ ಸಭೆಯ ದಿನ.