ಅಮೆರಿಕದಲ್ಲಿ ಯುವಕರು ಬೇಟೆ ಬಿಟ್ಟಿದ್ದರಿಂದಲೇ ಬೇಟೆ ಸಾಮಾನಿನ ಅಂಗಡಿಗಳು ಮುಚ್ಚುತ್ತಿವೆಯೇ?

ನೀವು ಕೇಳಿದ್ದು ಅರ್ಧ ನಿಜ. ನಾನು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ ಹದಿನೈದು ವರ್ಷವಾಯಿತು. ಬಂದೂಕು ಮುಟ್ಟಿದವನಲ್ಲ, ಆದರೆ ಈ ಬದಲಾವಣೆಯನ್ನು ಪಕ್ಕದ ಮನೆಯಲ್ಲೇ ಕಂಡಿದ್ದೇನೆ.

ಇಲ್ಲಿನ ಹಳ್ಳಿಗಾಡಿನಲ್ಲಿ ಜಿಂಕೆ ಬೇಟೆ ಊರಹಬ್ಬವಿದ್ದಂತೆ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ನಂತರದ ಸೋಮವಾರ ಬೇಟೆ ಶುರುವಾಗುತ್ತಿತ್ತು, ಅಂದು ಎಷ್ಟೋ ಶಾಲೆಗಳಿಗೆ ರಜೆ. 2019ರಲ್ಲಿ ಅದನ್ನು ಶನಿವಾರಕ್ಕೆ ತಂದರು, ಓದುವ, ದುಡಿಯುವ ಯುವಕರು ಬರಲಿ ಎಂಬ ಆಸೆಯಿಂದ. ಪಕ್ಕದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ನವೆಂಬರ್ ಬಂತೆಂದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲಂಗಿಯನ್ನು ಹಿತ್ತಲಿನಲ್ಲಿ ಗಾಳಿಗೆ ತೂಗುಹಾಕುತ್ತಾರೆ, ಮನೆಯ ವಾಸನೆ ಜಿಂಕೆಯ ಮೂಗಿಗೆ ಬಡಿಯಬಾರದಲ್ಲ. ಮೊದಲು ಅಲ್ಲಿ ಮೂರು ಅಂಗಿ ತೂಗುತ್ತಿದ್ದವು. ಗಂಡುಮಕ್ಕಳಿಬ್ಬರೂ ನಗರ ಸೇರಿದ ಮೇಲೆ ಒಂದೇ ಉಳಿದಿದೆ.

ಬೇಟೆ ಅಪ್ಪನೋ ಅಜ್ಜನೋ ಕೈಹಿಡಿದು ಕಾಡಿಗೆ ಕರೆದೊಯ್ದರೆ ಬರುವ ವಿದ್ಯೆ. ಹಾಗೆ ಹೋದ ಹುಡುಗ ಮುಂದೆ ಬೂಟು, ದುರ್ಬೀನು, ಗುಂಡು, ಮರಕ್ಕೆ ಕಟ್ಟುವ ಅಟ್ಟಣೆ ಎಲ್ಲವನ್ನೂ ಕೊಳ್ಳುತ್ತಾನೆ. ಎಪ್ಪತ್ತರ ಬೇಟೆಗಾರ ಏನು ಕೊಂಡಾನು? ನಮ್ಮ ಹಿರಿಯರ ರೈಫಲ್ ಅವರ ಅಪ್ಪನದು. ಸರ್ಕಾರಿ ಸಮೀಕ್ಷೆಯ ಪ್ರಕಾರ 2011ರಲ್ಲಿ 1.37 ಕೋಟಿ ಇದ್ದ ಬೇಟೆಗಾರರು 2016ಕ್ಕೆ 1.15 ಕೋಟಿಗೆ ಇಳಿದರು. ಅಂಗಡಿಯವರಿಗೆ ಆ ಸಂಖ್ಯೆಗಿಂತಲೂ ಉಳಿದವರ ವಯಸ್ಸೇ ದೊಡ್ಡ ಚಿಂತೆ ಎಂದು ನನಗೆ ಅನಿಸುತ್ತದೆ.

ಇನ್ನರ್ಧಕ್ಕೆ ಕಾರಣಗಳು ಬೇರೆ. 2017ರಲ್ಲಿ ಬೇಟೆ ಸಾಮಾನು ಮಾರುತ್ತಿದ್ದ ಗ್ಯಾಂಡರ್ ಮೌಂಟನ್ ಕಂಪನಿ ದಿವಾಳಿಯಾದದ್ದರಲ್ಲಿ ಮಿತಿಮೀರಿ ಅಂಗಡಿ ತೆರೆದದ್ದರ ಪಾಲೂ ಇದೆ. ಅದೇ ವರ್ಷ ಅಂಥದ್ದೇ ಇನ್ನೊಂದು ಕಂಪನಿ ಕೆಬೆಲಾಸನ್ನು ಅದರ ಪ್ರತಿಸ್ಪರ್ಧಿ ಬಾಸ್ ಪ್ರೊ ಶಾಪ್ಸ್ ಕೊಂಡಿತು, ಆ ಮಾರಾಟದ ಹಿಂದೆ ಕೆಬೆಲಾಸ್ ಷೇರುದಾರರ ಒತ್ತಡವಿತ್ತು. ನೆಬ್ರಾಸ್ಕಾದ ಸಿಡ್ನಿ ಎಂಬ ಆರೇಳು ಸಾವಿರ ಜನರ ಊರು ಕೆಬೆಲಾಸ್‌ನ ಮುಖ್ಯ ಕಚೇರಿಯನ್ನೇ ನಂಬಿಕೊಂಡಿತ್ತು. ಅಲ್ಲಿನ ಬಹುಪಾಲು ಕೆಲಸಗಳು ಹೋದವು. ಇದನ್ನು ಓದಿದಾಗ ನಿಜಕ್ಕೂ ಸಂಕಟವಾಗಿತ್ತು. ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ 2019ರಲ್ಲಿ 125 ಮಳಿಗೆಗಳಿಂದ ಬೇಟೆ ವಿಭಾಗವನ್ನೇ ತೆಗೆಯಿತು. ಅದಕ್ಕೆ ಹಿಂದಿನ ವರ್ಷ ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯ ನಂತರ ಬಂದೂಕು ಮಾರಾಟದ ಬಗ್ಗೆ ಆ ಕಂಪನಿಯ ನಿಲುವು ಬದಲಾಗಿತ್ತು, ಆ ಮಳಿಗೆಗಳಲ್ಲಿ ಬೇಟೆ ಸಾಮಾನಿನ ವ್ಯಾಪಾರವೂ ಸೊರಗಿತ್ತು.

ಬೇಟೆಯನ್ನು ನಿಷೇಧಿಸಿದ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಬೇಟೆ ಕಡಿಮೆಯಾದರೆ ಪ್ರಾಣಿಗಳಿಗೆ ಒಳ್ಳೆಯದೇ ಎನ್ನಿಸುತ್ತದೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಇಲ್ಲಿ ವನ್ಯಜೀವಿ ರಕ್ಷಣೆಯ ಖರ್ಚಿನ ದೊಡ್ಡ ಪಾಲು ಬರುವುದು ಬೇಟೆ ಪರವಾನಗಿಯ ಶುಲ್ಕದಿಂದ. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ರೈಫಲ್ ಮತ್ತು ಗುಂಡುಗಳ ಮೇಲೆ ಹಾಕುವ ಶೇ. 11ರ ತೆರಿಗೆಯೂ ಅದಕ್ಕೇ ಹೋಗುತ್ತದೆ. ಆ ಹಣವನ್ನು ರಾಜ್ಯಗಳಿಗೆ ಹಂಚುವಾಗ ಪರವಾನಗಿ ಪಡೆದವರ ತಲೆಯನ್ನೂ ಎಣಿಸುತ್ತಾರೆ. ಬೇಟೆಗಾರರು ಕಡಿಮೆಯಾದ ರಾಜ್ಯಕ್ಕೆ ಪಾಲೂ ಕಡಿಮೆ.

ಅಂಗಡಿಗಳು ಡೇರೆ, ಚಾರಣದ ಬೂಟು ಮಾರಿ ಬದುಕಿಕೊಳ್ಳಬಹುದು. ಅವುಗಳ ಮೇಲೆ ಆ ತೆರಿಗೆ ಇಲ್ಲ. ಅವುಗಳ ಮೇಲೂ ಹಾಕಬೇಕೆಂದು ವರ್ಷಗಳಿಂದ ಚರ್ಚೆ ನಡೆದಿದೆ, ತಯಾರಕರು ಒಪ್ಪಿಲ್ಲ. ಅದೇ ಕಾಡಿನಲ್ಲಿ ನಡೆದಾಡುವ ನಾನು ನನ್ನ ಡೇರೆಯ ಮೇಲೆ ಅದನ್ನು ಸಂತೋಷದಿಂದ ಕೊಡುತ್ತೇನೆ.