ನಿವೃತ್ತಿಯ ಬಳಿಕ ಪರದೇಶದಲ್ಲಿ ಇಂಗ್ಲಿಷ್ ಪಾಠ: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಅರವತ್ತಕ್ಕೆ ನಿವೃತ್ತರಾದ ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ. ಹುಟ್ಟಿದ್ದು ಶಹಾಪುರದ ಕಡೆಯ ಹಳ್ಳಿಯಲ್ಲಿ, ಈಗಿನ ಮನೆ ಕಲಬುರಗಿಯಲ್ಲಿ. ಬಿ.ಎ., ಬಿ.ಎಡ್. ಆಗಿದೆ, ಹಳೇ ಪಿಂಚಣಿ ಬರುತ್ತದೆ, ಬಿ.ಪಿ.ಗೆ ದಿನಕ್ಕೊಂದು ಗುಳಿಗೆ. ಪತಿಯೂ ನಿವೃತ್ತರು, ಸಕ್ಕರೆ ಕಾಯಿಲೆ ಇದೆ. ಮಗ ಹೈದರಾಬಾದಿನಲ್ಲಿ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇವೆ.

ಥಾಯ್ಲೆಂಡಿನ ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 22,000 ಬಾಟ್ ಸಂಬಳದ ಕೆಲಸ ಕೊಡಿಸುವುದಾಗಿ ಏಜೆಂಟರೊಬ್ಬರು 1,80,000 ರೂಪಾಯಿ ಕೇಳಿದ್ದರು. ಅದರಲ್ಲಿ 50,000 ಶನಿವಾರದೊಳಗೆ ಮುಂಗಡ. "ಮೊದಲ ಟೂರಿಸ್ಟ್ ಆಗಿ ಹೋಗ್ರಿ ಮೇಡಮ್, ಅಲ್ಲಿ ಮುಟ್ಟಿದ ಮ್ಯಾಲ ವೀಸಾ ಬದಲಿ ಮಾಡಸ್ತೀವಿ" ಎಂಬ ಭರವಸೆ. ಮನೆಯಲ್ಲಿ ವಾರವಿಡೀ ಜಗಳ. "ಪಿಂಚಣಿ ಬರ್ತದ, ಕಮ್ಮಿ ಏನದ? ಮಂದಿ ಏನಂದಾರು?" ಎನ್ನುವುದು ಪತಿಯ ಮಾತು.

ಸಲಹೆಗೆಂದು ನಮ್ಮಲ್ಲಿಗೆ ಬಂದ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆವು. ಮೇಡಮ್ ಹೇಳಿದ್ದು ಇಷ್ಟು: "ದುಡ್ಡಿಗಲ್ರಿ. ಕ್ಲಾಸಿನ್ಯಾಗ ನಿಂತ್ರ ಜೀವಕ್ಕ ಹಗುರ ಆಗ್ತದ." ಪತಿ ಎರಡನೇ ಭೇಟಿಯಲ್ಲಷ್ಟೇ ಬಾಯಿಬಿಟ್ಟರು. ಅವರಿಗೆ ಮಂದಿಯ ಚಿಂತೆಗಿಂತ ಒಬ್ಬರೇ ಉಳಿಯುವ ಭಯ ದೊಡ್ಡದು. ರಾತ್ರಿ ಸಕ್ಕರೆ ಇಳಿದರೆ ನೋಡುವವರು ಯಾರು, ಹೊತ್ತಿಗೆ ಸರಿಯಾಗಿ ರೊಟ್ಟಿ ಯಾರು ಮಾಡುತ್ತಾರೆ ಎಂಬುದು ಅದರೊಳಗಿನ ಪ್ರಶ್ನೆ. ಈ ಎರಡು ಮಾತು ಹೊರಬಂದ ಮೇಲೆ ಜಗಳ ಲೆಕ್ಕಾಚಾರಕ್ಕೆ ತಿರುಗಿತು. ಹಣಕ್ಕಾಗಿ ಹೋಗುವವರು ಸಂಬಳ ನೋಡಿ ಶಾಲೆ ಆರಿಸುತ್ತಾರೆ. ಪಾಠಕ್ಕಾಗಿ ಹೋಗುವವರು ವಾರಕ್ಕೆ ಎಷ್ಟು ಪಿರಿಯಡ್, ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ವಯಸ್ಸಿನವರು, ತರಗತಿ ಎಷ್ಟನೇ ಮಹಡಿಯಲ್ಲಿ ಎಂದು ಕೇಳಬೇಕು. ಮೊಣಕಾಲು ನೋವಿರುವವರಿಗೆ ಕಡೆಯ ಪ್ರಶ್ನೆ ಸಣ್ಣದಲ್ಲ.

ಮುಂಗಡ ಕೊಡಬೇಡಿ ಎಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದೆವು. ಉದ್ಯೋಗಕ್ಕೆ ಪರದೇಶಕ್ಕೆ ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಆ ನೋಂದಣಿ ಸಂಖ್ಯೆಯನ್ನು ಯಾರು ಬೇಕಾದರೂ ನೋಡಬಹುದು. ಅವರು ಪಡೆಯಬಹುದಾದ ಸೇವಾಶುಲ್ಕದ ಮೇಲ್ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಪ್ರವಾಸಿಯಾಗಿ ಒಳಹೋಗಿ ಪಾಠ ಮಾಡಿದರೆ ಅಲ್ಲಿನ ಕಾನೂನಿನ ಕೈಗೆ ಸಿಗುವುದು ಶಿಕ್ಷಕಿ, ಏಜೆಂಟರಲ್ಲ. ಸರಿಯಾದ ಕ್ರಮ ಹೀಗಿದೆ: ಶಾಲೆ ಕಾಗದ ಕಳಿಸುತ್ತದೆ, ಅದನ್ನಿಟ್ಟು ಇಲ್ಲಿಂದಲೇ ದುಡಿಯಲು ಹೋಗುವವರ ನಾನ್-ಇಮಿಗ್ರಂಟ್ ಬಿ ವೀಸಾ ಪಡೆಯಬೇಕು, ಅಲ್ಲಿ ಹೋದ ಮೇಲೆ ವರ್ಕ್ ಪರ್ಮಿಟ್, ಜೊತೆಗೆ ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿ. ಆಮೇಲೆ 90 ದಿನಕ್ಕೊಮ್ಮೆ ವಿಳಾಸ ವರದಿ. ಥಾಯ್ಲೆಂಡಿನ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರ್ ಗಡಿ ದಾಟಿಸಿದ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿದೆ. ನೋಂದಣಿ ಸಂಖ್ಯೆಯನ್ನು ಬರಹದಲ್ಲಿ ಕೊಡಿ ಎಂದು ಮೇಡಮ್ ಕೇಳಿದ ಮೇಲೆ ಏಜೆಂಟರ ಫೋನು ಬರಲಿಲ್ಲ.

ದೇಶ ಆರಿಸುವಾಗ ಮನಸ್ಸಿಗೆ ಹಿಡಿಸಿದ ಊರಿನಿಂದ ಶುರುಮಾಡಬಾರದು, ವೀಸಾ ಯಾರು ಕೊಡುತ್ತಾರೆ ಎಂಬುದರಿಂದ ಶುರುಮಾಡಬೇಕು. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪೌರರಿಗೆ. ಚೀನಾದಲ್ಲಿ ಪಾಸ್‌ಪೋರ್ಟಿನ ದೇಶ ಯಾವುದು ಎಂಬುದರ ಜೊತೆಗೆ 60ರ ವಯೋಮಿತಿಯೂ ಅಡ್ಡ ಬರುತ್ತದೆ. ಕೊಲ್ಲಿ ದೇಶಗಳ ಭಾರತೀಯ ಶಾಲೆಗಳು ಹೊಸ ನೇಮಕಕ್ಕೆ ಕಿರಿಯರನ್ನೇ ಬಯಸುತ್ತವೆ. ಥಾಯ್ಲೆಂಡಿನಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸೇ 60, ಹಾಗಾಗಿ ಖಾಸಗಿ ಶಾಲೆ, ಭಾಷಾ ಕೇಂದ್ರಗಳಷ್ಟೇ ಉಳಿಯುತ್ತವೆ. ದಾರಿ ಕಿರಿದು, ಆದರೆ ಇದೆ. ಬಿ.ಎಡ್. ಇರುವುದು ದೊಡ್ಡ ಬಲ.

ಹೆಚ್ಚು ಹೊತ್ತು ಹಿಡಿದದ್ದು ಕಾಗದಪತ್ರ. ನಮ್ಮ ಭಾಗದ ಅರವತ್ತು ದಾಟಿದವರ ದಾಖಲೆಗಳಲ್ಲಿ ಊರು, ಜಿಲ್ಲೆ, ಹೆಸರು ಮೂರೂ ಒಂದಕ್ಕೊಂದು ಕೂಡುವುದಿಲ್ಲ. ಮೇಡಮ್ ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗುಲ್ಬರ್ಗಾ ಜಿಲ್ಲೆ. ಶಹಾಪುರ ಸೇರಿರುವ ಯಾದಗಿರಿ 2009ರ ಕೊನೆಗೆ ಬೇರೆ ಜಿಲ್ಲೆಯಾದ್ದರಿಂದ ಆಧಾರ್‌ನಲ್ಲಿ ಯಾದಗಿರಿ. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಅಡ್ಡಹೆಸರು. ಇಲ್ಲಿಯ ಕಚೇರಿಯವರಿಗೆ ಇದೆಲ್ಲ ಹೇಳದೆಯೇ ತಿಳಿಯುತ್ತದೆ. ಬ್ಯಾಂಕಾಕಿನ ಗುಮಾಸ್ತರಿಗೆ ಇವು ಇಬ್ಬರು ಬೇರೆ ಹೆಂಗಸರ ಕಾಗದ. ಜಿಲ್ಲೆ ಬದಲಾದದ್ದಕ್ಕೆ ಸರ್ಕಾರದ ಅಧಿಸೂಚನೆಯ ಪ್ರತಿ, ಹೆಸರಿಗೆ ನೋಟರಿ ಅಫಿಡವಿಟ್ ಮತ್ತು ಮದುವೆ ನೋಂದಣಿ ಪತ್ರ ಸಿದ್ಧಪಡಿಸಲು ಹೇಳಿದೆವು.

ಇನ್ನೊಂದು ತೊಡಕು, ಪದವಿಯದು. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಆ ಕಾಲದ ಅನೇಕರು ಘಟಿಕೋತ್ಸವ ಪ್ರಮಾಣಪತ್ರವನ್ನೇ ತಂದುಕೊಂಡಿಲ್ಲ. ಅಂಕಪಟ್ಟಿ, ತಾತ್ಕಾಲಿಕ ಪ್ರಮಾಣಪತ್ರದ ಮೇಲೆಯೇ ನೌಕರಿ ಮುಗಿದುಹೋಗಿದೆ. ಪರದೇಶಕ್ಕೆ ಮೂಲ ಪದವಿಪತ್ರ ಬೇಕೇ ಬೇಕು. ಮೊದಲ ಅರ್ಜಿ ಅದಕ್ಕೆ. ಅದು ಕೈಗೆ ಬಂದ ಮೇಲೆ ರಾಜ್ಯಮಟ್ಟದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ. ಹೋಗುವ ದೇಶ ಅಪೋಸ್ಟಿಲ್ ಒಪ್ಪಂದದಲ್ಲಿದ್ದರೆ (ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಒಪ್ಪಂದ) ಅಲ್ಲಿಗೆ ಮುಗಿಯಿತು, ಇಲ್ಲವಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಹಿಂಬದಿಗೆ ಮುದ್ರೆ ಹಾಕಲು ಆಗುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ 500 ರೂಪಾಯಿ. ಹಳೆಯದಾದರೆ ಒಪ್ಪುವುದಿಲ್ಲವಾದ್ದರಿಂದ ಅದನ್ನು ಕಟ್ಟಕಡೆಗೆ ಮಾಡಿಸಬೇಕು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಂದ ಶಾಲೆಗಳು ಐಇಎಲ್‌ಟಿಎಸ್ ಅಥವಾ ಟೋಯಿಕ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಅಂಕ ಕೇಳುತ್ತವೆ. ಅಂಕಕ್ಕೆ ಎರಡೇ ವರ್ಷ ಆಯುಷ್ಯ, ಆದ್ದರಿಂದ ಪದವಿಪತ್ರ ಬಂದ ಮೇಲೆ ಬರೆಯಿರಿ. ಬೋರ್ಡಿನ ಮೇಲೆ ಚೆಂದ ಬರೆಯುವ ಕೈ ಕಂಪ್ಯೂಟರಿನಲ್ಲಿ ತಡವರಿಸುತ್ತದೆ. ಐಇಎಲ್‌ಟಿಎಸ್ ಪ್ರಬಂಧಕ್ಕಾಗಿ 40 ನಿಮಿಷಕ್ಕೆ 250 ಪದ ಟೈಪ್ ಮಾಡುವುದನ್ನು ದಿನಾ ರೂಢಿಸಬೇಕು.

ಪಾಠದ ವಿಷಯಕ್ಕೆ ಬಂದರೆ, ಮೂವತ್ತು ವರ್ಷದ ಅನುಭವವೇ ಒಂದು ಕಡೆ ತೊಡರುಗಾಲು ಹಾಕುತ್ತದೆ. ಇಲ್ಲಿ ಇಂಗ್ಲಿಷ್ ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತೇವೆ, ಕೂಡದಿದ್ದರೆ ಉರ್ದುವಿನಲ್ಲಿ. ಅಲ್ಲಿನ ಮಕ್ಕಳಿಗೆ ಎರಡೂ ಬರುವುದಿಲ್ಲ. 20 ನಿಮಿಷದ ಪಾಠವನ್ನು ಇಂಗ್ಲಿಷಿನಲ್ಲಿ ಮಾತ್ರ ಮಾಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲು ಹೇಳಿದೆವು. ಇಪ್ಪತ್ತರಲ್ಲಿ ಹದಿನಾಲ್ಕು ನಿಮಿಷ ಅವರದೇ ಮಾತು. "ಅಂಡರ್‌ಸ್ಟ್ಯಾಂಡ್?" ಎಂದು ಮತ್ತೆ ಮತ್ತೆ ಕೇಳಿದ್ದರು, ಅದಕ್ಕೆ ಮಕ್ಕಳು ಎಲ್ಲ ದೇಶದಲ್ಲೂ ಹೂಂ ಎನ್ನುತ್ತಾರೆ. "ಯೂಸ್ಡ್ ಟು" ಕಲಿಸಿದಿರಾದರೆ, "ಅವನು ಈಗಲೂ ಸಿಗರೇಟು ಸೇದುತ್ತಾನಾ? ಮೊದಲು ಸೇದುತ್ತಿದ್ದನಾ?" ಎಂಬಂಥ ಸಣ್ಣ ಪ್ರಶ್ನೆಯಿಂದ ಅರ್ಥ ಪರೀಕ್ಷಿಸಬೇಕು. ಸೂಚನೆ ಐದಾರು ಪದ ಮೀರದಿರಲಿ, ಒಮ್ಮೆ ಮಾಡಿ ತೋರಿಸಿ, ಆಮೇಲೆ ಮಕ್ಕಳನ್ನು ಜೋಡಿಯಾಗಿ ಮಾತಾಡಿಸಿ. ಉಚ್ಚಾರದಲ್ಲಿ ತಿದ್ದಬೇಕಾದ್ದು ಕಡಿಮೆ: ಎಗ್ "ಯೆಗ್" ಆಗುವುದು, ಓನ್ಲಿ "ವೋನ್ಲಿ" ಆಗುವುದು, ಬಸ್ಸಿನ ಕೊನೆಗೆ ಉಕಾರ ಸೇರುವುದು. ಶಾಲೆಗಳು ಸಂದರ್ಶನಕ್ಕೆ ಮುನ್ನ ಇಂಥದೇ ವಿಡಿಯೊ ಕೇಳುವುದರಿಂದ ಈ ಅಭ್ಯಾಸ ವ್ಯರ್ಥವಲ್ಲ.

ಇಂಗ್ಲಿಷ್ ಕಲಿಸುವವರ ತರಬೇತಿ ಕೋರ್ಸಾದ ಸೆಲ್ಟಾ ಮಾಡಬೇಕೇ ಎಂದು ಮೇಡಮ್ ಕೇಳಿದರು. ಅದರಲ್ಲಿ ತಾವೇ ಕಡ್ಡಾಯವಾಗಿ ಮಾಡಬೇಕಾದ ಆರು ಗಂಟೆಯ ಪಾಠ, ತಪ್ಪು ತೋರಿಸುವ ತರಬೇತುದಾರರು, ನಾಲ್ಕು ಲಿಖಿತ ಅಭ್ಯಾಸಗಳಿವೆ. ಪಾಠ ಮಾಡಿಸದೆ ಮನೆಯಲ್ಲೇ ಮುಗಿಯುವ ಅಗ್ಗದ 120 ಗಂಟೆಯ ಪ್ರಮಾಣಪತ್ರಕ್ಕಿಂತ ಇದು ಬಹಳ ಮೇಲು. ಆದರೆ ನಾಲ್ಕು ವಾರದ ಪೂರ್ಣಾವಧಿ ಕೋರ್ಸು ಈ ವಯಸ್ಸಿನಲ್ಲಿ ನಿದ್ದೆ ಕೆಡಿಸುತ್ತದೆ. ನಿಧಾನಗತಿಯ ಆನ್‌ಲೈನ್ ತಂಡ ಹಿಡಿಯಿರಿ ಎಂದೆವು.

ಥಾಯ್ ಶಾಲೆಗಳ ಎರಡನೇ ಸೆಮಿಸ್ಟರ್ ನವೆಂಬರಿನಿಂದ ಮಾರ್ಚ್‌ವರೆಗೆ. ಮೊದಲ ಕರಾರು ಅಷ್ಟಕ್ಕೇ ಇರಲಿ ಎಂಬುದು ನಮ್ಮ ಸಲಹೆ, ಪತಿಯೂ ಒಪ್ಪಿದರು. ಆ ಐದು ತಿಂಗಳು ಮಗನ ಮನೆ ಅಥವಾ ಅಡುಗೆಗೆ ಒಬ್ಬರು, ಮತ್ತು ಸಕ್ಕರೆ ನೋಡುವ ಯಂತ್ರ ಬಳಸಲು ಅವರೇ ಕಲಿಯುವುದು. ಅಷ್ಟೇ ಅವಧಿಯಾದರೆ ಆ ಆರ್ಥಿಕ ವರ್ಷದಲ್ಲಿ ಮೇಡಮ್ 182 ದಿನಕ್ಕಿಂತ ಹೆಚ್ಚು ಭಾರತದಲ್ಲೇ ಇದ್ದಂತಾಗುತ್ತದೆ, ಅಲ್ಲಿನ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ನವೆಂಬರಿನಲ್ಲಿ ಕೊಡುವ ಜೀವನ ಪ್ರಮಾಣಪತ್ರವನ್ನು ಹೊರಗಿದ್ದು ಹೇಗೆ ಸಲ್ಲಿಸಬೇಕೆಂದು ಖಜಾನೆಯಲ್ಲಿ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಬಿ.ಪಿ. ಗುಳಿಗೆಯ ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಪ್ರವಾಸ ವಿಮೆ ದುಡಿಯಲು ಹೋದವರಿಗೆ ಆಸರೆಯಾಗುವುದಿಲ್ಲ, ಶಾಲೆಯ ವಿಮೆ ಮೊದಲೇ ಇರುವ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂದು ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಘಟಿಕೋತ್ಸವ ಪ್ರಮಾಣಪತ್ರಕ್ಕೆ ಅರ್ಜಿ ಹೋಗಿದೆ, ವಾರಕ್ಕೆ ಎರಡು ವಿಡಿಯೊ ಪಾಠ ನಡೆದಿವೆ. ಮುಂದಿನ ಭೇಟಿಗೆ ಇಬ್ಬರೂ ಕೂಡಿ ಬರಲು ಹೇಳಿದ್ದೇವೆ. ಅಷ್ಟರಲ್ಲಿ ಯಾವ ಶಾಲೆಯ ಕರಾರು ಬಂದರೂ ಸಹಿ ಹಾಕುವ ಮುನ್ನ ತರಬೇಕು.